ಮೋಡ ಕವಿದ ರಾತ್ರಿಯ ಕೆಲಸಗಳು
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣದ ಬರಹರೂಪ)

ಊಟದ ಸಾಲು ಯಾವಾಗ ಶುರುವಾಗುತ್ತದೆಂದು ನನ್ನ ಮುಖವನ್ನೇ ನೋಡುತ್ತಿರುವ ಪುಟಾಣಿಗಳೇ,

ವೈದ್ಯನನ್ನು ಮಾತಿಗೆ ಕರೆದರೆ ಸಕ್ಕರೆ ಕಾಯಿಲೆ, ಕೊಲೆಸ್ಟರಾಲ್ ಎಂದು ನಿಮ್ಮ ಹೋಳಿಗೆಯ ರುಚಿ ಕೆಡಿಸುವುದು ವಾಡಿಕೆ. ಇಂದು ಅದರಿಂದ ನಿಮಗೆ ವಿನಾಯಿತಿ. ನನ್ನ ಹವ್ಯಾಸವಾದ ಆಕಾಶದ ಛಾಯಾಗ್ರಹಣದ ಬಗ್ಗೆ, ಅದರಲ್ಲೂ ಆಕಾಶವೇ ಕಾಣದ ರಾತ್ರಿಗಳ ಬಗ್ಗೆ ಎರಡು ಮಾತು ಹೇಳುತ್ತೇನೆ.

ನಾವಿರುವುದು ಈರಿ ಸರೋವರದ ದಡದ ಕ್ಲೀವ್‌ಲ್ಯಾಂಡಿನಲ್ಲಿ. ನವೆಂಬರ್ ಬಂತೆಂದರೆ ಇನ್ನೂ ಬೆಚ್ಚಗಿರುವ ಸರೋವರದ ಮೇಲೆ ಕೆನಡಾ ಕಡೆಯ ತಣ್ಣನೆಯ ಗಾಳಿ ಹಾಯ್ದು, ತೇವ ಹೀರಿಕೊಂಡು, ನಮ್ಮ ನೆತ್ತಿಯ ಮೇಲೆ ಮೋಡವಾಗಿ ಕೂರುತ್ತದೆ. ಕಳೆದ ಚಳಿಗಾಲದ ನಾಲ್ಕು ತಿಂಗಳಲ್ಲಿ ಬೆಳದಿಂಗಳ ರಾತ್ರಿಗಳನ್ನೂ ನನ್ನ ಆನ್-ಕಾಲ್ ರಾತ್ರಿಗಳನ್ನೂ ಬಿಟ್ಟರೆ ಕ್ಯಾಮೆರಾಕ್ಕೆ ದಕ್ಕಿದ ತಿಳಿ ರಾತ್ರಿಗಳು ಐದೇ ಐದು. ಥ್ಯಾಂಕ್ಸ್‌ಗಿವಿಂಗ್ ಸೇಲಿನಲ್ಲಿ ಮಕ್ಕಳಿಗೆಂದು ಕೊಂಡ ಟೆಲಿಸ್ಕೋಪು ಯುಗಾದಿಯ ಹೊತ್ತಿಗೆ ಬೇಸ್‌ಮೆಂಟಿನಲ್ಲಿ ಟ್ರೆಡ್‌ಮಿಲ್ಲಿನ ಪಕ್ಕ ಬಟ್ಟೆ ಒಣಗಿಸಲು ನಿಂತಿರುವುದನ್ನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಮಕ್ಕಳಿಗೆ ಆಸಕ್ತಿ ಸಾಲದು ಎನ್ನುತ್ತಾರೆ. ಪಾಪ, ಮೋಡ ಮಾಡಿದ ತಪ್ಪಿಗೆ ಮಕ್ಕಳನ್ನೇಕೆ ದೂರಬೇಕು?

ನನ್ನ ವಾದ ಇಷ್ಟು: ತಿಳಿ ರಾತ್ರಿ ಬೆಳಕು ಹಿಡಿಯುವುದಕ್ಕೆ ಮಾತ್ರ. ಉಳಿದ ಎಲ್ಲ ಕೆಲಸವೂ ಮೋಡದ ರಾತ್ರಿಗೆ ಸೇರಿದ್ದು. ರೋಗಿಯನ್ನು ಆಪರೇಷನ್ ಟೇಬಲಿನ ಮೇಲೆ ಮಲಗಿಸಿದ ಮೇಲೆ ಯಾರೂ ಕತ್ತರಿ ಹುಡುಕಲು ಹೊರಡುವುದಿಲ್ಲವಲ್ಲ.

ಆದ್ದರಿಂದ ಮೊದಲ ಕೆಲಸ ತಾಲೀಮು. ಮನೆಯ ಹಜಾರದ ದೀಪ ಆರಿಸಿ, ಕೈಗವಸು ಹಾಕಿಕೊಂಡು, ಸ್ಟ್ಯಾಂಡು, ಟೆಲಿಸ್ಕೋಪು, ಕ್ಯಾಮೆರಾ, ತಂತಿಗಳನ್ನು ಕತ್ತಲಲ್ಲೇ ಜೋಡಿಸಿ ನೋಡಿ. ಯಾವ ತಿರುಪು ಎಲ್ಲಿದೆಯೆಂದು ಬೆರಳಿಗೆ ಗೊತ್ತಾಗಬೇಕು. ಹೊರಗೆ ಮೈನಸ್ ಹತ್ತು ಡಿಗ್ರಿಯಲ್ಲಿ ಕಲಿಯುವ ಪಾಠ ಇದಲ್ಲ. ಫೈಂಡರನ್ನು ಹಗಲಿನಲ್ಲೇ ದೂರದ ಕಂಬವೊಂದಕ್ಕೆ ಗುರಿಯಿಟ್ಟು ಸರಿಮಾಡಿಕೊಳ್ಳಿ. ಆದರೆ ಸೂರ್ಯನಿರುವ ದಿಕ್ಕಿಗೆ ಟೆಲಿಸ್ಕೋಪು ತಿರುಗಿಸಲೇಬೇಡಿ. ಮೋಡ ಯಾವ ಕ್ಷಣದಲ್ಲಾದರೂ ಸರಿಯಬಹುದು, ಸುಟ್ಟ ಅಕ್ಷಿಪಟಲಕ್ಕೆ ನಮ್ಮಲ್ಲಿ ಔಷಧವಿಲ್ಲ. ಇದೊಂದು ಮಾತನ್ನು ಮಾತ್ರ ವೈದ್ಯನಾಗಿ ಹೇಳಿದ್ದೇನೆ.

ಎರಡನೆಯದು ನನಗೆ ಬಹಳ ಪ್ರಿಯವಾದ ಕೆಲಸ, ಕತ್ತಲೆಯ ಫೋಟೋ ತೆಗೆಯುವುದು. ನಗಬೇಡಿ. ಬೆಳಕು ಬೀಳದಿದ್ದರೂ ಕ್ಯಾಮೆರಾದ ಸೆನ್ಸರು ತನ್ನದೇ ಶಾಖದಿಂದ ಸುಳ್ಳು ಚುಕ್ಕೆಗಳನ್ನು ಹುಟ್ಟಿಸುತ್ತದೆ. ಸ್ಥೂಲವಾಗಿ ಪ್ರತಿ 6 ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಇದು ಇಮ್ಮಡಿಯಾಗುತ್ತದೆ. ಮುಚ್ಚಳ ಹಾಕಿ, ತಿಳಿ ರಾತ್ರಿಯಲ್ಲಿ ಕೊಡುವಷ್ಟೇ ಅವಧಿ, ಅದೇ ಐ.ಎಸ್.ಓ., ಆದಷ್ಟೂ ಅದೇ ಉಷ್ಣತೆ ಇಟ್ಟು ಮೂವತ್ತು ಫೋಟೋ ತೆಗೆದರೆ ಅವೇ ಡಾರ್ಕ್ ಫ್ರೇಮುಗಳು. ಎರಡೆರಡು ನಿಮಿಷದಂತೆ ಒಂದು ಗಂಟೆಯ ಕೆಲಸ. ಚಳಿಗಾಲದ ನಮ್ಮ ಗ್ಯಾರೇಜು ಇದಕ್ಕೆ ಹೇಳಿಮಾಡಿಸಿದ ಜಾಗ. ನಿಜವಾದ ಚಿತ್ರದಿಂದ ಇವನ್ನು ಕಳೆದರೆ ಸುಳ್ಳು ಚುಕ್ಕೆಗಳು ಹೋಗಿ ನಕ್ಷತ್ರಗಳು ಉಳಿಯುತ್ತವೆ. ಆಸ್ಪತ್ರೆಯ ಡಿಜಿಟಲ್ ಎಕ್ಸ್-ರೇ ಯಂತ್ರವೂ ತನ್ನ ಕತ್ತಲೆಯನ್ನು ಹೀಗೆಯೇ ಅಳೆದು ಕಳೆಯುತ್ತದೆ. ನಿಮ್ಮ ಎದೆಯ ಚಿತ್ರಕ್ಕೂ ಗೆಲಾಕ್ಸಿಯ ಚಿತ್ರಕ್ಕೂ ಲೆಕ್ಕ ಒಂದೇ.

ಇನ್ನೊಂದಕ್ಕೆ ಮೋಡವೇ ಬೇಕು. ಲೆನ್ಸಿನ ಅಂಚು ನಡುವಿಗಿಂತ ಮಂಕಾಗಿರುತ್ತದೆ, ಧೂಳಿನ ಕಣ ಬಿದ್ದಲ್ಲಿ ಉಂಗುರದಂಥ ನೆರಳು ಬರುತ್ತದೆ. ಇದನ್ನು ಸರಿಪಡಿಸಲು ಎಲ್ಲೆಡೆ ಸಮನಾದ ಬೆಳಕಿನ ಫೋಟೋ ಬೇಕು. ತಿಳಿ ರಾತ್ರಿಯ ಫೋಕಸ್ಸನ್ನು ಅಲುಗಿಸದೆ ಕ್ಯಾಮೆರಾವನ್ನು ಹಾಗೆಯೇ ಬಿಟ್ಟು, ಮರುದಿನ ಮೋಡ ಮುಚ್ಚಿದ ಹಗಲಿನಲ್ಲಿ ಟೆಲಿಸ್ಕೋಪಿನ ಬಾಯಿಗೆ ಬಿಳಿ ಬಟ್ಟೆ ಕಟ್ಟಿ ನೆತ್ತಿಯ ಕಡೆ ತಿರುಗಿಸಿ ಕ್ಲಿಕ್ಕಿಸಿ. ನಮ್ಮ ಮನೆಯಲ್ಲಿ ಈ ಕೆಲಸಕ್ಕೆ ನೇಮಕವಾಗಿರುವುದು ಮೈಸೂರಿನಿಂದ ತಂದ ಬಿಳಿ ಪಂಚೆ. ಮದುವೆ, ಮುಂಜಿಗಳಲ್ಲಿ ಅದಕ್ಕೆ ಸಿಗುವುದಕ್ಕಿಂತ ಹೆಚ್ಚು ಉಪಯೋಗ ಇಲ್ಲಿ ಸಿಕ್ಕಿದೆ.

ಉಳಿದದ್ದು ಕಂಪ್ಯೂಟರಿನ ಮುಂದೆ. ಒಂದೇ ದೃಶ್ಯದ ಹಲವು ಚಿತ್ರಗಳನ್ನು ಒಂದರ ಮೇಲೊಂದು ಪೇರಿಸಿ ಸರಾಸರಿ ತೆಗೆದರೆ ಕಾಳುಕಾಳಾದ ಗದ್ದಲ ಇಳಿಯುತ್ತದೆ, ಆದರೆ ವರ್ಗಮೂಲದ ಲೆಕ್ಕದಲ್ಲಿ. 4 ಚಿತ್ರಕ್ಕೆ ಅರ್ಧ, 16ಕ್ಕೆ ಕಾಲು. ಸಿರಿಲ್, ಡೀಪ್ ಸ್ಕೈ ಸ್ಟ್ಯಾಕರ್ ಎಂಬ ತಂತ್ರಾಂಶಗಳು ಉಚಿತ. ನಿಮ್ಮದೇ ಚಿತ್ರಗಳಿಲ್ಲದಿದ್ದರೆ ಹಬಲ್ ದೂರದರ್ಶಕದ ಮೂಲಚಿತ್ರಗಳೇ ಸಾರ್ವಜನಿಕರಿಗೆ ಉಚಿತವಾಗಿ ಸಿಗುತ್ತವೆ, ಅವುಗಳ ಮೇಲೆ ಕೈ ಪಳಗಿಸಿ. ಸ್ಟೆಲೇರಿಯಂ ತೆರೆದು ಮುಂದಿನ ಗುರಿಯನ್ನೂ ಗೊತ್ತುಮಾಡಿಕೊಳ್ಳಿ. ಆಂಡ್ರೊಮಿಡಾ ಗೆಲಾಕ್ಸಿ ಆಕಾಶದಲ್ಲಿ ಸುಮಾರು 3 ಡಿಗ್ರಿ, ಅಂದರೆ ಆರು ಪೂರ್ಣಚಂದ್ರರಷ್ಟು ಅಗಲ. ಅದಕ್ಕೆ ದೊಡ್ಡ ಟೆಲಿಸ್ಕೋಪಿಗಿಂತ 200 ಮಿಲಿಮೀಟರ್ ಲೆನ್ಸೇ ಮೇಲು. ಹೊಸದನ್ನು ಕೊಳ್ಳುವ ಮುನ್ನ ಇದನ್ನು ಮನೆಯವರಿಗೆ ತಿಳಿಸಬೇಕೇ ಬೇಡವೇ ಎಂಬುದು ನಿಮಗೆ ಬಿಟ್ಟದ್ದು.

ನಮ್ಮ ವೃತ್ತಿಯವನೊಬ್ಬನನ್ನು ನೆನೆಯಬೇಕು. ನ್ಯೂಯಾರ್ಕಿನಲ್ಲಿ ವೈದ್ಯಶಿಕ್ಷಣ ಪಡೆದ ಹೆನ್ರಿ ಡ್ರೇಪರ್ 1880ರ ಸೆಪ್ಟೆಂಬರ್ 30ರಂದು ಮಹಾವ್ಯಾಧ ನಕ್ಷತ್ರಪುಂಜದ ನೀಹಾರಿಕೆಯ ಮೊಟ್ಟಮೊದಲ ಫೋಟೋ ತೆಗೆದ. ಸುಮಾರು 50 ನಿಮಿಷದ ಎಕ್ಸ್‌ಪೋಷರ್. ಅದಕ್ಕೂ ಹಿಂದೆ ವರ್ಷಗಟ್ಟಲೆ ಟೆಲಿಸ್ಕೋಪಿನ ಕನ್ನಡಿಗಳನ್ನು ಕೈಯಾರೆ ತಿಕ್ಕಿ ನುಣುಪು ಮಾಡಿದ್ದ, ಅದರ ವಿಧಾನವನ್ನು 1864ರಲ್ಲಿ ಪ್ರಕಟಿಸಿದ್ದ. ಕನ್ನಡಿ ತಿಕ್ಕಲು ತಿಳಿ ಆಕಾಶ ಬೇಕಿಲ್ಲ. 1882ರಲ್ಲಿ, ಹೆಚ್ಚುಕಡಿಮೆ ನನ್ನ ವಯಸ್ಸಿನಲ್ಲಿ, 45ಕ್ಕೇ ತೀರಿಕೊಂಡ.

ಆ ಮಹಾವ್ಯಾಧನ ಭುಜದ ಕೆಂಪು ನಕ್ಷತ್ರವೇ ನಮ್ಮ ಆರಿದ್ರೆ, ಇಂಗ್ಲಿಷಿನ ಬೀಟಲ್‌ಜ್ಯೂಸ್. ಊರಿನಲ್ಲಿ ಅಜ್ಜಂದಿರು ಜೂನ್ ಕೊನೆಯಲ್ಲಿ ಆರಿದ್ರಾ ಮಳೆ ಬಂತೇ ಎಂದು ಕೇಳುತ್ತಿದ್ದುದು ನಿಮಗೂ ನೆನಪಿರಬೇಕು. ಸೂರ್ಯನು ಯಾವ ನಕ್ಷತ್ರದಲ್ಲಿದ್ದಾನೋ ಮಳೆಗೆ ಅದರ ಹೆಸರು. ಆ ಮಳೆ ಸುರಿಯುವಾಗ ನಕ್ಷತ್ರ ಹಗಲಿನ ಬೆಳಕಿನಲ್ಲಿ ಅಡಗಿರುತ್ತದೆ. ಅದು ರಾತ್ರಿ ಕಾಣುವ ಜನವರಿಯಲ್ಲಿ ಊರಿನ ಆಕಾಶ ತಿಳಿ. ನಮ್ಮ ಪಾಲಿಗೆ ಆಗಲೇ ಈರಿ ಸರೋವರದ ಮೋಡ. ಇದನ್ನು ಮಗಳಿಗೆ ಹೇಳಿದ್ದು ಗ್ಯಾರೇಜಿನಲ್ಲಿ, ಡಾರ್ಕ್ ಫ್ರೇಮು ಮುಗಿಯಲು ಕಾಯುತ್ತಾ. ಅವಳಿಗೆ ಬರುವ ನಕ್ಷತ್ರಗಳ ಕನ್ನಡ ಹೆಸರುಗಳೆಲ್ಲ ಮೋಡದ ರಾತ್ರಿಗಳಲ್ಲಿ ಕಲಿತವು. ತಿಳಿ ರಾತ್ರಿಯಲ್ಲಿ ನಮ್ಮಿಬ್ಬರಿಗೂ ಮಾತಿಗೆ ಪುರುಸೊತ್ತು ಎಲ್ಲಿ?

ಒಂದು ಅಂಥ ರಾತ್ರಿ ಅವಳು ಹಳೆಯ ಚಿತ್ರಗಳನ್ನು ತೆಗೆದು 2019ರ ಜನವರಿಯ ಆರಿದ್ರೆಯನ್ನೂ 2020ರ ಫೆಬ್ರವರಿಯದನ್ನೂ ಪಕ್ಕಪಕ್ಕ ಇಟ್ಟಳು. ಎರಡನೆಯದು ಎಷ್ಟು ಮಂಕಾಗಿತ್ತೆಂದರೆ ಇನ್ನೊಂದು ಭುಜದ ಬೆಲ್ಲಾಟ್ರಿಕ್ಸಿಗೂ ಅದಕ್ಕೂ ವ್ಯತ್ಯಾಸ ಹೇಳುವಂತಿರಲಿಲ್ಲ. ನಕ್ಷತ್ರ ತಾನೇ ಉಗುಳಿದ ಅನಿಲ ತಣಿದು ಧೂಳಿನ ಮೋಡವಾಗಿ ಅದರ ಮುಖವನ್ನು ಮರೆಮಾಡಿತ್ತೆಂದು 2021ರಲ್ಲಿ ಖಗೋಳ ವಿಜ್ಞಾನಿಗಳು ವಿವರಿಸಿದರು. "ಅಪ್ಪಾ, ಅದಕ್ಕೂ ಲೇಕ್ ಎಫೆಕ್ಟ್" ಎಂದಳು.

ಮುಂದಿನ ಆಗಸ್ಟಿನಲ್ಲಿ ಅವಳು ಕಾಲೇಜಿಗೆ ಹೊರಡುತ್ತಾಳೆ. ಉಳಿದಿರುವುದು ಇದೊಂದು ಚಳಿಗಾಲ. ಮುಂದಿನ ಶನಿವಾರ ಮೋಡವಿದ್ದರೆ ಮಕ್ಕಳನ್ನು ಕರೆದುಕೊಂಡು ನಮ್ಮ ಗ್ಯಾರೇಜಿಗೆ ಬನ್ನಿ, ಬೇಸ್‌ಮೆಂಟಿನ ಟೆಲಿಸ್ಕೋಪನ್ನೂ ತನ್ನಿ, ಬಿಸಿ ಕಾಫಿ ಇರುತ್ತದೆ. ಆಕಾಶ ತಿಳಿಯಾಗಿದ್ದರೆ ಮಾತ್ರ ದಯವಿಟ್ಟು ಬರಬೇಡಿ, ಬಾಗಿಲು ತೆಗೆಯಲು ಒಳಗೆ ಯಾರೂ ಇರುವುದಿಲ್ಲ.