ಅಂಬಿಗನ ಊಟ



ಕಾಯಕದ ಮಾತು ಈ ಮಠದಲ್ಲಿ ಹೊಸದಲ್ಲ. ಕೇಳಿ ಕೇಳಿ ನಿಮಗೂ, ಹೇಳಿ ಹೇಳಿ ನಮಗೂ ಅದು ಅಭ್ಯಾಸವಾಗಿಬಿಟ್ಟಿದೆ. ಹೋದ ತಿಂಗಳು ಒಬ್ಬ ಭಕ್ತರು ಬಂದು ಹೇಳಿದ ಸಂಗತಿ ಆ ಅಭ್ಯಾಸವನ್ನು ಕೆಡಿಸಿತು.

ಅವರು ಮೂಡಿಗೆರೆ ಕಡೆಯವರು, ಕಾಫಿ ಹದಮಾಡುವುದನ್ನು ಬಲ್ಲವರು. ಆ ಕೆಲಸದ ಮೇಲೆ ಆಫ್ರಿಕದ ಉಗಾಂಡಕ್ಕೆ ಹೋಗಿದ್ದರು. ಅಲ್ಲಿ ಕೀನ್ಯದ ಗಡಿಯ ಮೇಲೆ ಎಲ್ಗನ್ ಎಂಬ ಪರ್ವತವಿದೆ. 4,321 ಮೀಟರ್ ಎತ್ತರ. ಒಂದು ಕಾಲಕ್ಕೆ ಬೆಂಕಿಯುಗುಳಿ ತಣ್ಣಗಾದ ಬೆಟ್ಟ. ಮಣ್ಣು ಫಲವತ್ತು, ಇಳಿಜಾರಿನಲ್ಲಿ ಬಾಳೆಯ ನೆರಳಿಗೆ ಅರೇಬಿಕ ಕಾಫಿ ಬೆಳೆಯುತ್ತಾರೆ. ಮಳೆ ಜೋರಾದರೆ ಆ ಮಣ್ಣೇ ಮೃತ್ಯು. 2010ರ ಮಾರ್ಚಿನಲ್ಲಿ ಬುಡುಡ ಜಿಲ್ಲೆಯಲ್ಲಿ ಗುಡ್ಡ ಕುಸಿದು ಊರುಗಳೇ ಮುಚ್ಚಿಹೋದವು. 2018ರಲ್ಲಿ ಮತ್ತೆ ಕುಸಿಯಿತು.

ಅಂಥ ದಾರಿಗೆ ಬಾಡಿಗೆ ಮೋಟಾರ್ ಸೈಕಲ್ಲೇ ಗತಿ. ಅದಕ್ಕೆ ಅಲ್ಲಿ 'ಬೋಡ ಬೋಡ' ಎನ್ನುತ್ತಾರೆ. ಹಿಂದೆ ಬುಸಿಯ ಎಂಬ ಗಡಿಯೂರಿನಲ್ಲಿ ಸೈಕಲ್ಲಿನವರು 'ಬಾರ್ಡರ್, ಬಾರ್ಡರ್' ಎಂದು ಕೂಗುತ್ತ ಜನರನ್ನು ಒಂದು ದೇಶದ ಠಾಣೆಯಿಂದ ಇನ್ನೊಂದರ ಠಾಣೆಗೆ ದಾಟಿಸುತ್ತಿದ್ದರಂತೆ. ಆ ಕೂಗೇ ಹೆಸರಾಯಿತು. ದಾಟಿಸುವುದು ಅವರ ಕಾಯಕ. ನಮ್ಮ ಅಂಬಿಗರ ಚೌಡಯ್ಯನವರದೂ ಅದೇ ಅಲ್ಲವೆ? ಅವರದು ದೋಣಿ, ಇವರದು ಎರಡು ಗಾಲಿ. ಎಷ್ಟೋ ಜನಕ್ಕೆ ಆ ಗಾಡಿಯೂ ಸ್ವಂತದ್ದಲ್ಲ. ದುಡಿದದ್ದರಲ್ಲಿ ಮೊದಲ ಪಾಲು ಗಾಡಿಯ ಯಜಮಾನನಿಗೆ.

ಭಕ್ತರು ಹೊರಟ ದಿನ ಮಳೆ. ದಾರಿ ಸಾಬೂನಿನಂತೆ ಜಾರುತ್ತಿತ್ತು. ಎರಡು ಕಡೆ ಆ ಹುಡುಗ ಇವರನ್ನು ಇಳಿಸಿ, ತಾನೊಬ್ಬನೇ ಗಾಡಿ ತಳ್ಳಿ ಮೇಲೆ ಹತ್ತಿಸಿದ. ಊರು ತಲುಪಿದ ಮೇಲೆ ರೈತರು ಇವರನ್ನು ಮನೆಯೊಳಗೆ ಕರೆದು ಬೇಯಿಸಿದ ಬಾಳೆಕಾಯಿ ಬಡಿಸಿದರು. ಮೂರು ಗಂಟೆ ಮಾತು. ಹೊರಗೆ ಬಂದರೆ ಹುಡುಗ ತೊಯ್ದು ಗಾಡಿಯ ಪಕ್ಕದಲ್ಲೇ ನಿಂತಿದ್ದ.

"ಅವನು ಉಂಡನೇನಪ್ಪಾ?" ಎಂದೆವು.

"ಕೇಳಲಿಲ್ಲ ಬುದ್ಧಿ. ಬಾಡಿಗೆ ಮಾತ್ರ ಒಂದು ಕಾಸೂ ಕಡಿಮೆ ಮಾಡದೆ ಕೊಟ್ಟೆ" ಎಂದು ತಲೆ ತಗ್ಗಿಸಿದರು.

ಮುಂದೆ ಏನನ್ನಾದರೂ ಹೇಳಲು ನಮಗೇ ಬಾಯಿ ಬರಲಿಲ್ಲ. ನಾವು ಪಾದಪೂಜೆಗೆಂದು ಭಕ್ತರ ಮನೆಗಳಿಗೆ ಹೋದಾಗ ನಮ್ಮ ಕಾರು ನಡೆಸುವಾತ ಎಲ್ಲಿ ಉಣ್ಣುತ್ತಾನೆ? 18 ವರ್ಷ ನಮ್ಮನ್ನು ಊರೂರಿಗೆ ದಾಟಿಸಿದ್ದಾನೆ. ಒಂದು ದಿನವೂ ನಾವು ಕೇಳಿರಲಿಲ್ಲ. ಆ ರಾತ್ರಿ ಕೇಳಿದೆವು. "ಎಲ್ಲರದೂ ಆದ ಮೇಲೆ ಬುದ್ಧಿ, ಉಳಿದಿದ್ದರೆ" ಎಂದ. ದಾಸೋಹದ ಮೇಲೆ ನಾವು ಮಾಡಿದ ಪ್ರವಚನಗಳಿಗೆ ಲೆಕ್ಕವಿಲ್ಲ!

ಹೊರಗೆ ಹನಿ ಬೀಳುತ್ತಿದೆ. ನಿಮ್ಮನ್ನು ಕರೆತಂದ ಟ್ರ್ಯಾಕ್ಟರು, ಜೀಪುಗಳವರು ಬೇವಿನ ಮರದ ಕೆಳಗೆ ನಿಂತಿದ್ದಾರೆ. ಮೊದಲ ಪಂಕ್ತಿಗೆ ಅವರನ್ನು ಕರೆಯಿರಿ. ನಾವೂ ಅವರ ಜೊತೆಯಲ್ಲೇ ಕೂರುತ್ತೇವೆ.