ಬೋಟಿನ ಗ್ಯಾಸ್ ಗೀಸರ್: ಕಿಡಿ ಬರ್ತದೆ, ಬೆಂಕಿ ನಿಲ್ಲಲ್ಲ

 

ಇವತ್ತಿನ ವಿಷಯ ಒಂದು ವಾಯ್ಸ್ ಮೆಸೇಜಿನಿಂದ ಬಂದದ್ದು. ಮಂಜಗುಣಿ ಗೊತ್ತಲ್ಲ, ಅಂಕೋಲಾ ತಾಲೂಕಿನಲ್ಲಿ ಗಂಗಾವಳಿ ನದಿ ಸಮುದ್ರ ಸೇರುವ ಅಳಿವೆಯ ಊರು. ಅಲ್ಲಿನ ನನ್ನ ಗೆಳೆಯ ಒಬ್ಬ ಟ್ರಾಲ್ ಬೋಟಿನಲ್ಲಿ ಖಲಾಸಿ. ಅವನ ಮೆಸೇಜ್ ಹೀಗಿತ್ತು: "ಬೋಟಿನ ಕ್ಯಾಬಿನ್ನಿಗೆ ಗ್ಯಾಸ್ ಗೀಸರ್ ಹಾಕಿದ್ವಿ ಮಾರಾಯ. ಟಿಕ್ ಟಿಕ್ ಅಂತ ಕಿಡಿ ಬರ್ತದೆ, ಬೆಂಕಿ ಹತ್ತಿ ಮತ್ತೆ ಆರ್ತದೆ. ಗಾಳಿಗೇ ಆರೋದು ಅಂತ ತಾಂಡೇಲರು ಕಿಟಕಿಗೆ ಪ್ಲೈವುಡ್ ಹೊಡೆಸ್ತಾರಂತೆ. ಸರಿಯಾಗ್ತದಾ?"

ಬೋಟಿನಲ್ಲಿ ಬಿಸಿನೀರು ಯಾಕಪ್ಪಾ ಅಂತ ನಗಬೇಡಿ. ವಾರಗಟ್ಟಲೆ ಉಪ್ಪುಗಾಳಿಯಲ್ಲಿ ಬಲೆ ಎಳೆದು, ಐಸ್‌ನಲ್ಲಿ ಕೈಯಿಟ್ಟು ಮೀನು ತುಂಬಿಸಿದವನಿಗೆ ಒಂದು ಬಕೆಟ್ ಬಿಸಿನೀರು ಐಷಾರಾಮ ಅಲ್ಲ. ಈಗ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರೀಕೃತ ಬೋಟುಗಳಿಗೆ ಮೀನುಗಾರಿಕೆ ನಿಷೇಧ, ಬೋಟೆಲ್ಲ ದಡದಲ್ಲಿವೆ, ರಿಪೇರಿಗೆ ಟೈಮ್ ಇದೆ. ಹಾಗಾಗಿ ಇದನ್ನ ಈಗಲೇ ಹೇಳಬೇಕು ಅನ್ನಿಸ್ತು.

ಮೊದಲು ಗೀಸರ್ ಹೇಗೆ ಕೆಲಸ ಮಾಡ್ತದೆ ನೋಡೋಣ. ನಲ್ಲಿ ತಿರುಗಿಸಿದಾಗ ಬರುವ ನೀರು ಒಳಗಿರುವ ಒಂದು ರಬ್ಬರ್ ಪರದೆಯನ್ನ ತಳ್ಳುತ್ತದೆ. ಅದು ಒಂದು ಪುಟ್ಟ ಸ್ವಿಚ್ಚನ್ನ ಒತ್ತುತ್ತದೆ. ಆಗ ಎರಡು ದಪ್ಪ ಸೆಲ್‌ಗಳಿಂದ ಕಿಡಿ ಹುಟ್ಟಿ, ಗ್ಯಾಸ್ ವಾಲ್ವ್ ತೆರೆದು, ಬೆಂಕಿ ಹತ್ತುತ್ತದೆ. ಉರಿಯ ಬಾಯಿಯಲ್ಲಿ ಒಂದು ಕಡ್ಡಿ ಇರ್ತದೆ, 'ಬೆಂಕಿ ಇದೆಯಾ' ಅಂತ ನೋಡೋದು ಅದರ ಕೆಲಸ. ಇಲ್ಲ ಅಂತ ಅದಕ್ಕೆ ಅನ್ನಿಸಿದರೆ ಕೆಲವೇ ಸೆಕೆಂಡುಗಳಲ್ಲಿ ಗ್ಯಾಸ್ ಬಂದ್.

ಅಂದ್ರೆ ಹತ್ತಿ ಆರೋದಕ್ಕೆ ಗಾಳಿ ಒಂದೇ ಕಾರಣ ಅಲ್ಲ. ಸೆಲ್ ವೀಕ್ ಆಗಿದ್ದರೆ ಕಿಡಿ ಬರ್ತದೆ, ವಾಲ್ವ್ ಹಿಡಿದು ನಿಲ್ಲಲ್ಲ. ಬೋಟಿನ ಟ್ಯಾಂಕಿನಲ್ಲಿ ತುಕ್ಕು ಇರ್ತದೆ, ಕೆಸರು ಇರ್ತದೆ, ಅದು ಗೀಸರಿನ ನೀರು ಬರುವ ಬಾಯಿಯ ಜಾಲರಿಗೆ ಕಟ್ಟಿಕೊಳ್ತದೆ. ಪಂಪ್ ಒಂದು ಸಲ ಜೋರು, ಒಂದು ಸಲ ನಿಧಾನ ಹೊಡೆದರೆ ಆ ರಬ್ಬರ್ ಪರದೆ ಹಿಂದೆ ಮುಂದೆ ಕುಣಿಯುತ್ತದೆ. ಇನ್ನು ಉಪ್ಪು. ಮನೆಯ ಗೀಸರಿನಲ್ಲಿ ವರ್ಷಗಟ್ಟಲೆ ಬಾಳುವ ಆ ಬೆಂಕಿ ನೋಡುವ ಕಡ್ಡಿಯ ಮೇಲೆ ಸಮುದ್ರದಲ್ಲಿ ಬೇಗನೇ ಬಿಳಿ ಪೊರೆ ಕಟ್ಟುತ್ತದೆ. ಕಣ್ಣಿಗೆ ಪೊರೆ ಬಂದ ಹಾಗೆಯೇ. ಬೆಂಕಿ ಎದುರಿಗೇ ಇದ್ದರೂ ಅದಕ್ಕೆ ಕಾಣಲ್ಲ. ನನ್ನ ಗೆಳೆಯನಿಗೆ ಮೊದಲು ಸಿಲಿಂಡರ್ ಬಂದ್ ಮಾಡಿ ಇಷ್ಟನ್ನೇ ನೋಡೋಕೆ ಹೇಳಿದೆ: ಸೆಲ್, ಜಾಲರಿ, ಕಡ್ಡಿ. ಜಾಲರಿ ಅರ್ಧ ಮುಚ್ಚಿತ್ತು. ಕಡ್ಡಿ ಬೆಳ್ಳಗಿತ್ತು.

ಅಲ್ಲಿಗೆ ಮುಗೀತು ಅಂದ್ಕೊಂಡ್ರಾ? ಇಲ್ಲ. ಕ್ಲೀನ್ ಮಾಡಿದ ಮೇಲೆ ಉರಿ ನಿಂತಿತು, ಪ್ಲೈವುಡ್ ಮಾತು ಮಾತ್ರ ನಿಲ್ಲಲಿಲ್ಲ. ಮಳೆ ನೀರು ಬರ್ತದೆ, ಹೊಡೆಸಿಯೇ ಬಿಡೋಣ ಅಂತ.

ನಾನು ಬಿಕಾಂ, ಲೆಕ್ಕ ಬಿಟ್ಟರೆ ನನಗೆ ಸಮಾಧಾನ ಇಲ್ಲ. ನಿಮಿಷಕ್ಕೆ 6 ಲೀಟರಿನ ಸಾಮಾನ್ಯ ಗೀಸರ್ ಪೂರ್ತಿ ಉರಿದರೆ ಗಂಟೆಗೆ ಹೆಚ್ಚುಕಡಿಮೆ 1 ಕೆಜಿ ಗ್ಯಾಸ್ ಸುಡುತ್ತದೆ. 1 ಕೆಜಿ ಎಲ್‌ಪಿಜಿ ಸರಿಯಾಗಿ ಉರಿಯೋಕೆ ಸುಮಾರು 12 ಘನ ಮೀಟರ್ ಗಾಳಿ ಬೇಕು. ಹತ್ತು ನಿಮಿಷದ ಸ್ನಾನಕ್ಕೆ 2 ಘನ ಮೀಟರ್. ಆ ಕ್ಯಾಬಿನ್ನಿನ ಅಳತೆ ಕೇಳಿ ಗುಣಿಸಿದೆ, ಇಡೀ ಕೋಣೆಯ ಗಾಳಿಯೇ 6 ಘನ ಮೀಟರ್! ಕಿಟಕಿ ಮುಚ್ಚಿದರೆ ಒಬ್ಬನ ಸ್ನಾನಕ್ಕೇ ಮೂರರಲ್ಲಿ ಒಂದು ಪಾಲು ಖರ್ಚು. ಎರಡನೆಯವನು ಒಳಗೆ ಹೋಗುವಾಗ ಉರಿ ಹಳದಿಗೆ ತಿರುಗುತ್ತಿರುತ್ತದೆ, ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತಿರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ತದೆ. ತಲೆನೋವು, ವಾಂತಿ, ಕಾಲು ಸೋಲೋದು. ಬೋಟಿನಲ್ಲಿ ಇದನ್ನ ಯಾರಾದರೂ ವಿಷ ಅಂದ್ಕೋತಾರಾ? 'ಕಡಲು ಹಿಡೀತು, ಮಲಗಿಸಿ' ಅಂತಾರೆ. ಅದೇ ಕ್ಯಾಬಿನ್ನಿನಲ್ಲಿ ಮಲಗಿಸ್ತಾರೆ.

2025ರ ಅಕ್ಟೋಬರಿನಲ್ಲಿ ಪಿರಿಯಾಪಟ್ಟಣದಲ್ಲಿ ಅಕ್ಕ ತಂಗಿ ಇಬ್ಬರು ಗ್ಯಾಸ್ ಗೀಸರಿನಿಂದ ಬಾತ್‌ರೂಮಿನಲ್ಲೇ ತೀರಿಹೋದರು. ಅದು ಊರೊಳಗಿನ ಮನೆ, ಆಸ್ಪತ್ರೆ ಹತ್ತಿರ. ದಡದಿಂದ ಗಂಟೆಗಟ್ಟಲೆ ದೂರದಲ್ಲಿದ್ದರೆ?

ಇನ್ನೊಂದು ವಿಷಯ ದೋಣಿಗೇ ವಿಶೇಷ. ಎಲ್‌ಪಿಜಿ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಮನೆಯಲ್ಲಿ ಲೀಕ್ ಆದರೆ ನೆಲ ಸವರಿಕೊಂಡು ಹೊಸ್ತಿಲು ದಾಟಿ ಹೋಗೋಕೆ ದಾರಿಯಾದರೂ ಇದೆ. ದೋಣಿಗೆ ಹೊಸ್ತಿಲು ಎಲ್ಲಿದೆ? ಅದು ಒಂದು ದೊಡ್ಡ ಬೋಗುಣಿ. ಕಿಡಿ ಬಂದು ಹತ್ತದ ಪ್ರತಿ ಸಲವೂ ಸುಡದ ಗ್ಯಾಸ್ ಒಂದಿಷ್ಟು ಇಳಿದು ತಳದಲ್ಲಿ ಕೂರ್ತದೆ. ಅಲ್ಲಿಯೇ ಇಂಜಿನ್, ಬ್ಯಾಟರಿ, ನೀರೆತ್ತುವ ಪಂಪ್. ಗಾಳಿಯಲ್ಲಿ ಗ್ಯಾಸ್ 2 ಶೇಕಡಾ ಸೇರಿದರೂ ಸಾಕು, ಸ್ವಿಚ್ಚಿನ ಕಿಡಿಗೆ ಹೊತ್ತಿಕೊಳ್ಳುತ್ತದೆ. ಹಾಗಾಗಿ ಹತ್ತಲಿಲ್ಲ ಅಂತ ನಲ್ಲಿಯನ್ನ ಹತ್ತು ಸಲ ತಿರುಗಿಸೋದು ರಿಪೇರಿ ಅಲ್ಲ, ಬಾಂಬ್ ತುಂಬೋದು.

ನಮ್ಮ ಗಂಗಾವಳಿಯವರಿಗೆ ಗ್ಯಾಸ್ ಅಂದ್ರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದಾಗ ನದಿಗೆ ಬಿದ್ದ ಟ್ಯಾಂಕರ್ ತೇಲಿಕೊಂಡು ಸಗಡಗೇರಿ ಹತ್ತಿರ ಬಂದಿತ್ತು. ಅದನ್ನ ಖಾಲಿ ಮಾಡೋಕೆ ತಜ್ಞರು ಬರಬೇಕಾಯ್ತು. ಗಾತ್ರ ಬೇರೆ ಇರಬಹುದು, ಒಳಗಿರೋದು ಅದೇ ಸಾಮಾನು.

ಬ್ರಿಟನ್ನಿನಲ್ಲಿ ದೋಣಿಯಲ್ಲೇ ವಾಸ ಮಾಡೋರಿದ್ದಾರೆ, ಅವರು ಗ್ಯಾಸ್ ಹೀಟರ್ ಇಟ್ಟುಕೊಳ್ತಾರೆ. ಆದರೆ ಸಿಲಿಂಡರಿಗೆ ಪ್ರತ್ಯೇಕ ಪೆಟ್ಟಿಗೆ, ಅದರ ತಳದ ತೂತು ದೋಣಿಯ ಹೊರಕ್ಕೆ. ಹೀಟರಿಗೆ ಗಾಳಿ ಬರೋದೂ ಹೊಗೆ ಹೋಗೋದೂ ಹೊರಗಿನ ಕೊಳವೆಯಲ್ಲೇ, ಅಂಥ ಮಾದರಿಯೇ ಬೇರೆ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ನಮ್ಮ ಮನೆಯ ಗೀಸರ್ ಕೋಣೆಯ ಗಾಳಿಯನ್ನೇ ತಿಂದು ಕೋಣೆಗೇ ಹೊಗೆ ಬಿಡ್ತದೆ. ಅದನ್ನ ಎಷ್ಟು ರಿಪೇರಿ ಮಾಡಿದರೂ ಕ್ಯಾಬಿನ್ನಿಗೆ ಹೊಂದಲ್ಲ.

ಹಾಗಾದ್ರೆ ಬಿಸಿನೀರು? ಇಂಜಿನ್ ಇದೆಯಲ್ಲ! ಅದನ್ನ ತಂಪು ಮಾಡಿ ಬರುವ ಬಿಸಿನೀರನ್ನ ಒಂದು ಟ್ಯಾಂಕಿನೊಳಗಿನ ತಾಮ್ರದ ಸುರುಳಿಯಲ್ಲಿ ಹಾಯಿಸಿದರೆ ಟ್ಯಾಂಕಿನ ಸಿಹಿನೀರು ಬಿಸಿಯಾಗ್ತದೆ. ಎಷ್ಟೋ ದೇಶಗಳ ದೋಣಿಗಳಲ್ಲಿ ಇದೇ ಪದ್ಧತಿ, ಬೆಂಕಿಯೇ ಬೇಡ. ಇಂಜಿನ್ ಮೆಕ್ಯಾನಿಕ್ ಕೈಯಲ್ಲೇ ಮಾಡಿಸಬೇಕು, ಅಷ್ಟೇ.

ಗ್ಯಾಸ್ ವಾಸನೆ ಬಂದರೆ ಏನು ಮಾಡೋದು ಅಂತಲೂ ಅವನು ಕೇಳಿದ. ಸಿಲಿಂಡರ್ ಬಂದ್ ಮಾಡು, ಬೀಡಿ ಬೇಡ, ಯಾವ ಸ್ವಿಚ್ಚನ್ನೂ ಹಾಕಬೇಡ, ತೆಗೆಯಲೂ ಬೇಡ, ಪಂಪ್ ಅಂತೂ ಮುಟ್ಟಲೇಬೇಡ. ಎಲ್ಲರೂ ಮೇಲೆ ಬನ್ನಿ, ಹಲಗೆ ಮುಚ್ಚಳ ತೆಗೆದು ಗಾಳಿ ಆಡಿಸಿ, ಖಾಲಿ ಬಕೆಟ್ಟಿನಲ್ಲಿ ತಳದ ಗ್ಯಾಸನ್ನ ಮೊಗೆದು ಹೊರಗೆ ಸುರಿಯಿರಿ. ತಮಾಷೆ ಅಲ್ಲ, ಭಾರದ ಗ್ಯಾಸ್ ನೀರಿನ ಹಾಗೆಯೇ ಮೊಗೆಯೋಕೆ ಬರ್ತದೆ. ದಡದಲ್ಲಿದ್ದರೆ ಗ್ಯಾಸ್ ಲೀಕ್ ಸಹಾಯವಾಣಿ 1906, ಸಮುದ್ರದಲ್ಲಿ ಜೀವಕ್ಕೆ ಅಪಾಯ ಅಂದ್ರೆ ಕೋಸ್ಟ್ ಗಾರ್ಡ್ 1554. ಫೋನಿಗೆ ನೆಟ್‌ವರ್ಕ್ ಇಲ್ಲದಲ್ಲಿ ವೈರ್‌ಲೆಸ್ಸೇ ಗತಿ.

ಗೀಸರ್ ಈಗ ತಾಂಡೇಲರ ಮನೆ ಹಿತ್ತಲಿನ ಹೊರಗೋಡೆಯಲ್ಲಿದೆ, ತೆರೆದ ಗಾಳಿಯಲ್ಲಿ. ಇಂಜಿನ್ನಿನ ಸುರುಳಿ ಟ್ಯಾಂಕಿಗೆ ಎಷ್ಟಾಗ್ತದೆ ಅಂತ ರೇಟ್ ಕೇಳ್ತಾ ಇದ್ದಾರೆ. ನಿಮ್ಮ ಕಡೆ ಬೋಟಿಗೆ ಇದನ್ನ ಮಾಡಿಸಿದವರು ಯಾರಾದ್ರೂ ಇದ್ದರೆ ವಾಯ್ಸ್ ಮೆಸೇಜ್ ಕಳಿಸಿ, ಆಗಸ್ಟ್ 1ರೊಳಗೆ ಅವನಿಗೆ ಮುಟ್ಟಿಸ್ತೇನೆ.