ಮೀನು ಹುಡುಕುವ ಶಬ್ದಯಂತ್ರ ನಮ್ಮ ಕೆರೆಗೆ ಬೇಕೆ?

(ಹರಪನಹಳ್ಳಿಯಲ್ಲಿ ರೈತರು ಮತ್ತು ಮೀನುಗಾರರ ಮುಂದೆ ಮಾಡಿದ ಭಾಷಣ)



ಬೇಸಾಯ ಶಾಸ್ತ್ರದವನು ಮೀನಿನ ವಿಷಯ ಹೇಳಲು ಬಂದನಲ್ಲ ಎಂದು ತಮಗೆ ಅನ್ನಿಸಬಹುದು. ಕೆರೆಯ ಮೀನು ಗುತ್ತಿಗೆ ಹಿಡಿದ ಕೆಲವರು ‘ಸೋನಾರ್ ಕೊಳ್ಳೋಣವೇ?’ ಎಂದು ಕೇಳಿದ್ದಾರೆ. ಹಣ ಹಾಕುವ ಮೊದಲು ಅದು ಕೆಲಸ ಮಾಡುವ ಬಗೆಯನ್ನು ತಿಳಿಯತಕ್ಕದ್ದು.

ಬಾವಿಯೊಳಗೆ ಕೂಗಿದರೆ ದನಿ ಮರಳುತ್ತದಷ್ಟೆ. ಇದೂ ಹಾಗೆಯೇ. ದೋಣಿಗೆ ಕಟ್ಟಿದ ಯಂತ್ರವು ನಮ್ಮ ಕಿವಿಗೆ ಕೇಳದ ಶಬ್ದವನ್ನು ನೀರಿಗೆ ಬಿಡುತ್ತದೆ. ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,500 ಮೀಟರು. ಸೆಕೆಂಡಿನ ನೂರನೆಯ ಒಂದು ಭಾಗದಲ್ಲಿ ಅದು ಮರಳಿದರೆ, ಹೋಗಿ ಬಂದ ದೂರ 15 ಮೀಟರು, ಆಳ ಏಳೂವರೆ. ಮೀನಿನ ಹೊಟ್ಟೆಯ ಗಾಳಿಚೀಲಕ್ಕೆ ಶಬ್ದ ಚೆನ್ನಾಗಿ ತಾಗಿ ಮರಳುತ್ತದೆ. 1935ರಲ್ಲಿ ನಾರ್ವೆಯ ಆಸ್ಕರ್ ಸುಂಡ್ ಕಾಡ್ ಮೀನಿನ ಹಿಂಡನ್ನು ಹೀಗೆಯೇ ಕಾಗದದ ಮೇಲೆ ಮೂಡಿಸಿ ತೋರಿಸಿದರು.

ಸಾಧಾರಣ ಯಂತ್ರದ್ದು ಒಂದೇ ಕಿರಣ. ಬಹುಕಿರಣ ಸೋನಾರಿನಲ್ಲಿ ಸಣ್ಣ ಕಿರಣಗಳು ಬೀಸಣಿಗೆಯಂತೆ ಎರಡೂ ಬದಿಗೆ ಹರಡುತ್ತವೆ. ಬೀಸಣಿಗೆ 120 ಡಿಗ್ರಿ ಅಗಲವಿದ್ದರೆ ಆಳದ ಮೂರೂವರೆ ಪಟ್ಟು ಅಗಲದ ತಳ ಕಾಣುತ್ತದೆ. ನೂರು ಮೀಟರು ಆಳದ ಕಡಲಲ್ಲಿ ಇದು ದೊಡ್ಡ ಲಾಭ. ಮೂರು ಮೀಟರು ನೀರಿರುವ ಕೆರೆಯಲ್ಲಿ ಹತ್ತೇ ಮೀಟರು! ಅಷ್ಟು ಹತ್ತಿರಕ್ಕೆ ದೋಣಿ ಬರುವಾಗ ಮೀನು ಸರಿದು ಹೋಗಿರುತ್ತದೆ.

ಇನ್ನು ನಾವು ಸಾಕುವ ಮೀನುಗಳನ್ನೇ ನೋಡಿ. ಕಾಟ್ಲಾ ಮೇಲ್ಪದರದಲ್ಲಿ ಮೇಯುತ್ತದೆ. ಕೆಳಕ್ಕೆ ನೋಡುವ ಯಂತ್ರಕ್ಕೆ ಅದು ಸಿಕ್ಕುವುದು ಕಷ್ಟ. ಮೃಗಾಲ್ ತಳ ಕೆದಕುತ್ತದೆ. ಅದರ ದನಿ ತಳದ ದನಿಯಲ್ಲಿ ಬೆರೆತುಹೋಗುತ್ತದೆ. ನಡುನೀರಿನ ರೋಹು ಒಂದೇ ಸರಿಯಾಗಿ ಕಂಡೀತು. ಕಂಡದ್ದು ರೋಹುವೋ ಜೊಂಡೋ ಎಂದು ಯಂತ್ರ ಹೆಸರು ಹೇಳುವುದಿಲ್ಲ. ಹರಿಗೋಲಿಗೆ ಕಟ್ಟಿದರಂತೂ ತೊಂದರೆ ಹೆಚ್ಚು. ಅದು ತಿರುಗುತ್ತದೆ, ವಾಲುತ್ತದೆ. ಎಷ್ಟು ವಾಲಿತೆಂದು ಅಳೆಯುವ ಇನ್ನೊಂದು ಉಪಕರಣವಿಲ್ಲದೆ ಚಿತ್ರ ನಂಬಲರ್ಹವಲ್ಲ.

ಹಾಗಾದರೆ ಈ ಯಂತ್ರ ನಮ್ಮ ಸೀಮೆಗೆ ನಿಷ್ಪ್ರಯೋಜಕವೆ? ಅಲ್ಲ. ಹಡಗಲಿ, ಹಗರಿಬೊಮ್ಮನಹಳ್ಳಿ ಕಡೆಗೆ ಹಿನ್ನೀರು ಚಾಚಿರುವ ತುಂಗಭದ್ರಾ ಜಲಾಶಯದಲ್ಲಿ 1953ರಲ್ಲಿ ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿತ್ತು. ಈಗ ಲೆಕ್ಕದಲ್ಲಿರುವುದು ಸುಮಾರು 105. ಉಳಿದ ಜಾಗ ಹೂಳಿನ ಪಾಲು. ಅಂಥ ವಿಸ್ತಾರದ ತಳವನ್ನು ಅಳೆಯಲು ಶಬ್ದಕ್ಕಿಂತ ಒಳ್ಳೆಯ ಸಾಧನವಿಲ್ಲ, ಆದರೆ ಅದು ಇಲಾಖೆಯ ಕೆಲಸ. ಊರ ಕೆರೆಗಾದರೆ ಮೀಟರಿಗೊಂದು ಗಂಟು ಹಾಕಿ, ಕೊನೆಗೆ ಗುಂಡು ಕಟ್ಟಿದ ಹಗ್ಗ ಸಾಕು. ತೆಪ್ಪದಲ್ಲಿ ಸಾಲು ಹಿಡಿದು ಹೋಗಿ, ಹತ್ತು ಹೆಜ್ಜೆಗೊಮ್ಮೆ ಇಳಿಬಿಟ್ಟು ಬರೆದುಕೊಳ್ಳಿ. ಬೇಸಿಗೆಯಲ್ಲಿ ಮೀನು ಸೇರುವ ಗುಂಡಿ ಎಲ್ಲಿದೆ, ಬಲೆ ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬುದು ಒಂದೇ ದಿನದಲ್ಲಿ ತಿಳಿಯುತ್ತದೆ.

ಉಳಿದ ಹಣವನ್ನು ಬಿತ್ತನೆಗೆ ಹಾಕಿ. ಕೊರವ ಮೀನಿರುವ ಕೆರೆಗೆ ಬೆರಳುದ್ದಕ್ಕಿಂತ ಸಣ್ಣ ಮರಿ ಬಿಡಬೇಡಿ. 8–10 ಸೆಂಟಿಮೀಟರಿನ ಬಲಿತ ಮರಿಯನ್ನೇ ಕೇಳಿ ತನ್ನಿ. ತಂದ ಚೀಲವನ್ನು ಕೆರೆ ನೀರಿನಲ್ಲಿ ಕಾಲು ಗಂಟೆ ತೇಲಿಸಿ, ಬಿಸಿ ಸಮವಾದ ಮೇಲೆ ಬಾಯಿ ಬಿಚ್ಚಿ.